5 ಲಕ್ಷದ ಫಾರ್ವರ್ಡ್: ಸತ್ಯಾಂಶ ಇಷ್ಟು

"ನಾಟಕ ಸಂಘ ರಿಜಿಸ್ಟರ್ ಮಾಡಿಸಿದರೆ ಸಾಕು, ಕೇಂದ್ರ ಸರ್ಕಾರ ಸುಮ್ನೆ 5 ಲಕ್ಷ ಕೊಡುತ್ತದೆ" ಎಂಬ ಫಾರ್ವರ್ಡ್ ನೋಡಿದ್ದೀರಲ್ವಾ? ಅದು ತಪ್ಪು.

ಉತ್ಸವ, ಹೊಸ ನಾಟಕ, ನೃತ್ಯ ಪ್ರದರ್ಶನಗಳಿಗೆ ಸಂಸ್ಕೃತಿ ಸಚಿವಾಲಯ ಧನಸಹಾಯ ಕೊಡುವುದೇನೋ ನಿಜ. ಆದರೆ 5 ಲಕ್ಷ ಎಂಬುದು ಸಾಮಾನ್ಯ ಮಿತಿ. ಎಲ್ಲರಿಗೂ ಅಷ್ಟೂ ಸಿಗುತ್ತದೆ ಎಂದಲ್ಲ. ಅರ್ಜಿಗಳನ್ನು ತಜ್ಞರ ಸಮಿತಿ ನೋಡಿ ಆರಿಸುತ್ತದೆ. ಹಣ ಬರುವುದೂ ಕಂತಿನಲ್ಲಿ. ಕಾರ್ಯಕ್ರಮ ಮುಗಿದ ಮೇಲೆ ಹಣ ಯಾವುದಕ್ಕೆ ಖರ್ಚಾಯಿತು ಎಂದು ತೋರಿಸುವ, ಸಿಎ ಸಹಿ ಇರುವ ಬಳಕೆ ಪ್ರಮಾಣಪತ್ರ ಕೊಡಬೇಕು. ಹಾಗಾಗಿ ಲೈಟಿನ ಬಾಡಿಗೆಯಿಂದ ಹಿಡಿದು ಮೇಕಪ್ ಖರ್ಚಿನವರೆಗೆ ಬಿಲ್ಲುಗಳನ್ನು ಎತ್ತಿಡಿ. ಹವ್ಯಾಸಿ ತಂಡಗಳಿಗೆ ನಟನೆಗಿಂತ ಇದೇ ಕಷ್ಟ!

ಶಿಷ್ಯರಿಗೆ ಕಲೆ ಕಲಿಸುವ ತಂಡದ ಗುರುವಿಗೆ ತಿಂಗಳಿಗೆ 15,000 ರೂಪಾಯಿ ಕೊಡುವ ರೆಪರ್ಟರಿ (ಕಲಾತಂಡ) ಅನುದಾನ ಬೇರೆಯೇ ಯೋಜನೆ. ಅದಕ್ಕೆ ಬೇರೆ ಅರ್ಜಿ ಹಾಕಬೇಕು.