ಕಪಾಟಿನ ಮೇಲಿದ್ದ ಬಿಸ್ಕತ್ತಿನ ಡಬ್ಬ

ನಮ್ಮ ಮನೆಯ ಕಪಾಟಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಇತ್ತು. ನೀಲಿ ಬಣ್ಣದ ಉರುಟು ಡಬ್ಬ, ನಮ್ಮವರು ಮೊದಲ ಸಲ ದುಬೈಯಿಂದ ರಜೆಗೆ ಬಂದಾಗ ತಂದದ್ದು. ಅದರಲ್ಲಿ ನಾನು ಸೂಜಿ, ನೂಲು, ಗುಂಡಿ ಇಟ್ಟುಕೊಳ್ಳುತ್ತಿದ್ದೆ. 2020ರಲ್ಲಿ ಅವರಿಗೆ ಕೆಲಸ ಹೋಯಿತು. ಊರಿಗೆ ಬಂದರು. ಆಮೇಲೆ ನೂಲು ಹೊರಗೆ ಬಂತು, ಕಾಗದಗಳು ಒಳಗೆ ಹೋದವು. ಚಿನ್ನ ಅಡವು ಇಟ್ಟ ಚೀಟಿ, ಕುರಿಯ (ಚಿಟ್ ಫಂಡಿನ) ಪುಸ್ತಕ, ಬ್ಯಾಂಕಿನಿಂದ ರಿಜಿಸ್ಟರ್ ಪೋಸ್ಟಿನಲ್ಲಿ ಬಂದ ಲಕೋಟೆಗಳು. ಎಷ್ಟೋ ಲಕೋಟೆಗಳನ್ನು ಒಡೆದೇ ಇರಲಿಲ್ಲ. ಪೋಸ್ಟ್‌ಮ್ಯಾನ್ ಅಂಗಳಕ್ಕೆ ಬಂದರೆ ಸಾಕು, ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಗುತ್ತಿತ್ತು. ಸೈನ್ ಮಾಡಿ, ತಂದು, ಡಬ್ಬಕ್ಕೆ ಹಾಕಿ, ಮುಚ್ಚಳ ಒತ್ತಿ ಬಿಡುವುದು. ಎರಡು ವರ್ಷ ಹೀಗೇ ನಡೆಯಿತು.

ದುಡ್ಡಿನ ಚಿಂತೆ ಏನು ಅಂತ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಸ್ತಿ ದುಡಿಯಿರಿ, ಕಡಿಮೆ ಖರ್ಚು ಮಾಡಿ ಅಂತ ಹೇಳಲು ಅಲ್ಲ. ಅದು ಎಲ್ಲರಿಗೂ ಗೊತ್ತು. ನನಗೆ ಹೇಳಬೇಕಾಗಿರುವುದು ಒಂದೇ. ನಮ್ಮನ್ನು ನಿದ್ದೆ ಮಾಡಲು ಬಿಡದೇ ಇದ್ದದ್ದು ಸಾಲಕ್ಕಿಂತ ಜಾಸ್ತಿ ಆ ಓದದ ಕಾಗದ. ಕಾಸರಗೋಡಿನ ಕನ್ನಡದವರಿಗೆ ಇದು ಇನ್ನೂ ಜಾಸ್ತಿ, ಏಕೆಂದರೆ ಕಾಗದ ಬರುವುದು ಮಲಯಾಳದಲ್ಲಿ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ.

2022ರ ಜುಲೈ. ಜೋರು ಮಳೆ, ಕರೆಂಟ್ ಇರಲಿಲ್ಲ. ಮಗಳು ಏನೋ ಹುಡುಕುತ್ತಾ ಆ ಡಬ್ಬ ಇಳಿಸಿದಳು. ನಾನು ಬೇಡ ಅಂದೆ, ಅವಳು ಅಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು. ಅವಳು ಕನ್ನಡ ಮೀಡಿಯಂ, ಆದರೂ ಗೆಳತಿಯರ ಜೊತೆ ಸೇರಿ ಮಲಯಾಳ ಓದಲು ಕಲಿತಿದ್ದಾಳೆ. ಒಂದು ಲಕೋಟೆ ಒಡೆದು, ಮೊಬೈಲ್ ಟಾರ್ಚ್ ಹಿಡಿದು, ಬೆರಳಿಟ್ಟು ಒಂದೊಂದೇ ಶಬ್ದ ಓದಿದಳು. "ಅಮ್ಮಾ, ಇದರಲ್ಲಿ ಲೇಲಂ ಅಂತ ಇದೆ. ಏಲಂ, ಹರಾಜು ಅಲ್ವಾ ಅದು?" ನನ್ನ ಕೈಕಾಲು ತಣ್ಣಗಾಯಿತು. ಅವಳು ನಿಲ್ಲಿಸಲಿಲ್ಲ. "ಆದರೆ ಇನ್ನೂ ಹನ್ನೊಂದು ದಿನ ಇದೆ ಅಮ್ಮಾ. ಅಷ್ಟರೊಳಗೆ ಬಡ್ಡಿ ಕಟ್ಟಿದರೆ ಚಿನ್ನವನ್ನು ಹಾಗೇ ಮುಂದುವರಿಸಬಹುದಂತೆ."

ಹನ್ನೊಂದು ದಿನ. ಆ ಲಕೋಟೆಯನ್ನು ಇನ್ನೆರಡು ವಾರ ಹಾಗೇ ಬಿಟ್ಟಿದ್ದರೆ ನನ್ನ ಬಳೆಗಳು ಹೋಗುತ್ತಿದ್ದವು.

ಆ ರಾತ್ರಿ ಮೂವರೂ ಚಾಪೆ ಹಾಸಿ ಕೂತೆವು. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂದುಗಡೆ ಬರೆದೆವು. ಯಾರಿಗೆ ಕೊಡಬೇಕು, ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕು. ಬ್ಯಾಂಕಿನಲ್ಲಿ ಚಿನ್ನದ ಮೇಲೆ 1,40,000. ಹೆಂಗಸರ ಸ್ವಸಹಾಯ ಸಂಘವಾದ ಕುಡುಂಬಶ್ರೀ ಅಯಲ್‌ಕೂಟದ ಸಾಲ ಬಾಕಿ 22,000. ಫ್ರಿಜ್ಜು, ಮೊಬೈಲಿನ ಕಂತು 18,500. ಪೇಟೆಯ ಬಡ್ಡಿಯವರಿಂದ 40,000. ಆಮೇಲೆ ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾವನಿಂದ 60,000 ತೆಗೆದುಕೊಂಡಿದ್ದೇನೆ, ನಿನಗೆ ಹೇಳಿರಲಿಲ್ಲ ಅಂದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಡ್ಡಿಯವರ ಸಾಲವನ್ನು ಎರಡು ವರ್ಷ ನಾನೂ ಅವರಿಂದ ಮುಚ್ಚಿಟ್ಟಿದ್ದೆ. ಗಲ್ಫಿನಿಂದ ಬಂದವರ ಹತ್ತಿರ ದುಡ್ಡಿಲ್ಲ ಅಂತ ನಮ್ಮ ಊರಿನಲ್ಲಿ ಯಾರೂ ನಂಬುವುದಿಲ್ಲ. ಮದುವೆ, ಗೃಹಪ್ರವೇಶ, ದೈವದ ನೇಮ ಅಂತ ಎಲ್ಲರೂ ಮೊದಲು ಬರುವುದು ಅವರ ಮನೆಗೆ. ಹಾಗೆ ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಮಾನ ಉಳಿಸಿಕೊಳ್ಳುತ್ತಾ ಇದ್ದೆವು.

ಒಟ್ಟು ಆದದ್ದು 2,80,500. ನನ್ನ ತಲೆಯಲ್ಲಿ ಇದ್ದದ್ದು ಐದಾರು ಲಕ್ಷ. ಸಾಲ ಒಂದು ರೂಪಾಯಿ ಕಡಿಮೆ ಆಗಿರಲಿಲ್ಲ, ಆದರೂ ಆ ರಾತ್ರಿ ನಾನು ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಆ ಹಾಳೆಯನ್ನು ಇನ್ನೊಮ್ಮೆ ನೋಡಿದಾಗ ಕಣ್ಣಿಗೆ ಬಿದ್ದದ್ದು ದೊಡ್ಡ ಸಾಲ ಅಲ್ಲ, ಪೇಟೆಯ 40,000. ನೂರಕ್ಕೆ ಮೂರು ಅಂತ ತೆಗೆದುಕೊಂಡದ್ದು. ಮೂರು ಅಂದರೆ ಕೇಳಲು ಸಣ್ಣದು ಅಲ್ವಾ? ಅದು ತಿಂಗಳಿಗೆ. ವರ್ಷಕ್ಕೆ ಮೂವತ್ತಾರು. ತಿಂಗಳಿಗೆ 1,200ರ ಹಾಗೆ ಎರಡು ವರ್ಷದಲ್ಲಿ 28,800 ಕಟ್ಟಿದ್ದೆ, ಅಸಲು ಹಾಗೇ 40,000 ಇತ್ತು. ನಮ್ಮ ಕಡೆ ಇದಕ್ಕೆ ಬ್ಲೇಡ್ ಅನ್ನುತ್ತಾರೆ, ಸರಿಯಾದ ಹೆಸರು. 2014ರಲ್ಲಿ ಕೇರಳ ಪೊಲೀಸರು ಆಪರೇಷನ್ ಕುಬೇರ ಅಂತ ಇಂಥವರ ಮೇಲೆ ದಾಳಿ ಮಾಡಿದ್ದು ಹಲವರಿಗೆ ನೆನಪಿರಬಹುದು. ಲೈಸೆನ್ಸ್ ಇಲ್ಲದೆ ಬಡ್ಡಿಗೆ ಕೊಡುವುದು ಇಲ್ಲಿ ಅಪರಾಧ. ಅವರು ಹೆದರಿಸಿದರೆ ನಾವು ಹೆದರಿ ಕೂರಬೇಕಾಗಿಲ್ಲ.

ನಾನು ಕುತ್ತಿಗೆಯಲ್ಲಿದ್ದ ಸರ ಮಾರಿದೆ. ಕರಿಮಣಿ ಅಲ್ಲ, ತವರಿನವರು ಹಾಕಿದ್ದ ಒಂದೂವರೆ ಪವನಿನ (ಹನ್ನೆರಡು ಗ್ರಾಂ) ಸರ. ಅಮ್ಮ ಅತ್ತರು. ಅತ್ತೆ ಎರಡು ದಿನ ಮಾತಾಡಲಿಲ್ಲ. ಅದನ್ನೂ ಅಡವು ಇಡು, ಮಾರುವುದು ಯಾಕೆ, ಮಗಳಿಗೆ ಇರಲಿ ಅಂತ ಎಲ್ಲರೂ ಹೇಳಿದರು. ಈ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ಬಿಡಿಸಿಕೊಳ್ಳುವ ದಾರಿ ಇಲ್ಲದ ಚಿನ್ನವನ್ನು ವರ್ಷ ವರ್ಷ ಬಡ್ಡಿ ಕಟ್ಟಿ ಬ್ಯಾಂಕಿನಲ್ಲಿ ಇಟ್ಟರೆ ಅದು ಮಗಳಿಗೆ ಉಳಿಯುವುದಿಲ್ಲ. ಆ ಸರದಿಂದ ಬ್ಲೇಡ್ ಸಾಲ ಪೂರ್ತಿ ತೀರಿತು, ಅಡವಿನ ಬಡ್ಡಿಯನ್ನೂ ಕಟ್ಟಿದೆ. ಬಳೆ ಉಳಿಯಿತು.

ಆ 40,000 ತೆಗೆದದ್ದು ಯಾಕೆ ಗೊತ್ತಾ? ಅಡಿಕೆಗೆ ಮದ್ದು ಬಿಡಲು ಮತ್ತು ಪಂಪ್ ರಿಪೇರಿಗೆ. ಮಳೆ ಶುರುವಾಗುವ ಮುಂಚೆ ಬೋರ್ಡೊ ದ್ರಾವಣ ಬಿಡದಿದ್ದರೆ ಕೊಳೆರೋಗ ಬಂದು ಫಸಲೇ ಹೋಗುತ್ತದೆ. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ, ಎಲ್ಲಾ ಕೈಯಲ್ಲಿ ದುಡ್ಡಿಲ್ಲದ ಸಮಯಕ್ಕೇ ಬರುವ ಖರ್ಚು. ಇದಕ್ಕೆಂದೇ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ವರ್ಷಕ್ಕೆ ಶೇ. 7 ಬಡ್ಡಿ, ಹೇಳಿದ ಸಮಯಕ್ಕೆ ಕಟ್ಟಿದರೆ ಅದರಲ್ಲೂ 3 ಕಡಿಮೆಯಾಗಿ ಶೇ. 4. ಮೂವತ್ತಾರು ಎಲ್ಲಿ, ನಾಲ್ಕು ಎಲ್ಲಿ! ಜಾಗ ಅತ್ತೆಯ ಹೆಸರಿನಲ್ಲಿತ್ತು. ವಿಲ್ಲೇಜ್ ಆಫೀಸಿಗೆ ಎರಡು ಸಲ ಹೋಗಿ, ತೆರಿಗೆ ರಶೀದಿ ಸರಿಮಾಡಿಸಿ, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಮಾಡಿಸಿದೆವು. ಕೇಳಲು ನಾಚಿಕೆ ಪಟ್ಟು ಬಿಟ್ಟಿದ್ದೆವು ಅಷ್ಟೇ.

ಇನ್ನೊಂದು ವಿಷಯ. ತಿಂಗಳ ಸಂಬಳದಲ್ಲಿ ಇಷ್ಟು ಪಾಲು ಉಳಿಸಿ, ಇಷ್ಟು ಪಾಲು ಖರ್ಚು ಮಾಡಿ ಅನ್ನುವ ವಿಡಿಯೋಗಳು ತುಂಬಾ ಇವೆ. ಒಳ್ಳೆಯದೇ, ಆದರೆ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ನಮಗೆ ತಿಂಗಳ ಸಂಬಳ ಎಲ್ಲಿದೆ? ಅಡಿಕೆ ಕೊಯ್ದು, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿದು, ಮಾರಿದಾಗ ಒಟ್ಟಿಗೆ ಬರುತ್ತದೆ. ನನ್ನ ಹೊಲಿಗೆ ಅಂಗಡಿಗೆ ಓಣಂ, ದೀಪಾವಳಿ, ಮದುವೆ ಸೀಸನ್ ಬಿಟ್ಟರೆ ಉಳಿದ ದಿನ ರವಿಕೆಯ ಹುಕ್ ಹಾಕುವ ಕೆಲಸ. ಆದರೆ ನಮ್ಮ ಅಜ್ಜಿಯರಿಗೆ ಇದರ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಜೋರು ಮಳೆಯ ಆಟಿ ತಿಂಗಳಲ್ಲಿ ಏನೂ ಸಿಗುವುದಿಲ್ಲ ಅಂತ ಬೇಸಿಗೆಯಲ್ಲೇ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿ ಭರಣಿ ತುಂಬಿಸುತ್ತಿದ್ದರು, ಹಪ್ಪಳ ಮಾಡಿ ಅಟ್ಟದಲ್ಲಿ ಇಡುತ್ತಿದ್ದರು. ಆ ಭರಣಿಗೆ ಮಳೆ ಹಿಡಿಯುವ ಮುಂಚೆ ಯಾರೂ ಕೈ ಹಾಕುವ ಹಾಗಿರಲಿಲ್ಲ. ನಾವು ಈಗ ದುಡ್ಡಿಗೂ ಹಾಗೇ ಮಾಡುತ್ತೇವೆ. ಅಡಿಕೆ ಮಾರಿದ ದಿನವೇ ನಾಲ್ಕು ತಿಂಗಳ ಮನೆ ಖರ್ಚನ್ನು ಬೇರೆ ಖಾತೆಗೆ ಹಾಕಿಬಿಡುತ್ತೇವೆ. ಅದಕ್ಕೆ ಎಟಿಎಂ ಕಾರ್ಡ್ ತೆಗೆದುಕೊಂಡಿಲ್ಲ. ಮನೆಯಲ್ಲಿ ಅದರ ಹೆಸರು ಉಪ್ಪುಸೊಳೆ ಖಾತೆ. (ಎಲ್ಲಿ ಇಡುವುದು ಅಂತ ಕೇಳುವವರಿಗೆ: ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಊರಿನ ಪ್ರಾಥಮಿಕ ಸಹಕಾರಿ ಸಂಘಗಳಿಗೆ ಆ ವಿಮೆ ಬರುವುದಿಲ್ಲ. ಸಂಘಕ್ಕೆ ಹಾಕಬೇಡಿ ಅಂತ ಅಲ್ಲ, ಇರುವುದನ್ನೆಲ್ಲಾ ಒಂದೇ ಕಡೆ ಇಡಬೇಡಿ.)

ಕಳೆದ ವರ್ಷ ಅಂಗಡಿಗೆ ಓವರ್‌ಲಾಕ್ ಮೆಷಿನ್ ತೆಗೆದುಕೊಳ್ಳಲು ಸಾಲಕ್ಕೆ ಹೋದೆ. ಕೌಂಟರಿನವರು ಹದಿನೈದು ಹಾಳೆ ಮುಂದೆ ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸೈನ್ ಮಾಡಿ ಅಂದರು. ಬಡ್ಡಿ ಹನ್ನೆರಡು, ಫ್ಲಾಟ್ ಅಂದರು. ಮೊದಲಿನ ನಾನಾಗಿದ್ದರೆ ಸೈನ್ ಮಾಡಿ ಬರುತ್ತಿದ್ದೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಿ, ನನಗೆ ಗೊತ್ತಿರುವ ಭಾಷೆಯಲ್ಲಿ ಕೊಡಿ ಅಂದೆ. ಸ್ವರ ನಡುಗುತ್ತಿತ್ತು, ಆದರೂ ಅಂದೆ. 2024ರ ಅಕ್ಟೋಬರ್ 1ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ನಿಜವಾದ ಬಡ್ಡಿ ವರ್ಷಕ್ಕೆ ಎಷ್ಟು ಬೀಳುತ್ತದೆ, ಪ್ರೊಸೆಸಿಂಗ್ ಅಂತ ಎಷ್ಟು ಹಿಡಿಯುತ್ತಾರೆ, ಎಲ್ಲವನ್ನೂ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ವಿವರಿಸಬೇಕು, ಯೋಚಿಸಲು ಕಡಿಮೆ ಅಂದರೆ ಮೂರು ಕೆಲಸದ ದಿನ ಸಮಯ ಕೊಡಬೇಕು. ಆ ಕಾಗದದಲ್ಲಿ ಇಲ್ಲದ ಶುಲ್ಕವನ್ನು ನಾವು ಒಪ್ಪದೆ ಹಿಡಿಯುವಂತಿಲ್ಲ. ಅವರು ಕೊಟ್ಟದ್ದು ಇಂಗ್ಲಿಷಿನಲ್ಲೇ. ಕನ್ನಡದ್ದು ಇಲ್ಲ ಅಂದರು. ನನಗೆ ತುಂಬಾ ಬೇಜಾರಾಯಿತು, ಈ ಜಿಲ್ಲೆಯಲ್ಲಿ ನಾವು ನಿನ್ನೆ ಮೊನ್ನೆ ಬಂದವರಲ್ಲವಲ್ಲ. ಕೊನೆಗೆ ಒಳಗಿನಿಂದ ಒಬ್ಬರು ಮೇಡಂ ಬಂದು ತುಳುವಿನಲ್ಲಿ ಒಂದೊಂದೇ ಸಾಲು ಹೇಳಿದರು. ಆಗ ಗೊತ್ತಾಯಿತು, ಆ ಹನ್ನೆರಡು ಹನ್ನೆರಡಲ್ಲ. 50,000ಕ್ಕೆ ಎರಡು ವರ್ಷದ ಬಡ್ಡಿ 12,000, ತಿಂಗಳ ಕಂತು 2,583. ನಾವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೆಯೇ. ಲೆಕ್ಕ ಹಾಕಿದರೆ ವರ್ಷಕ್ಕೆ 21ಕ್ಕಿಂತ ಜಾಸ್ತಿ ಬೀಳುತ್ತದೆ. ನಾನು ಎದ್ದು ಬಂದೆ. ಮೆಷಿನ್ ಆರು ತಿಂಗಳು ತಡವಾಗಿ, ಅಯಲ್‌ಕೂಟದ ಸಾಲದಲ್ಲಿ ಬಂತು.

ಪಾಸ್‌ಬುಕ್ಕನ್ನೂ ಒಮ್ಮೆ ಪೂರ್ತಿ ನೋಡಿ. ನನ್ನದರಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಟ್ ಆಗುತ್ತಿತ್ತು, ಬ್ಯಾಂಕಿನವರು ಸುಮ್ನೆ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅನ್ನುವ ಅಪಘಾತ ವಿಮೆ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಅಡಿಕೆ ಮರ ಹತ್ತುವ ಎಷ್ಟು ಜನ ನಮ್ಮ ಊರಿನಲ್ಲಿ ಇದ್ದಾರೆ! ನಮ್ಮ ತೋಟಕ್ಕೆ ಬರುವ ಪ್ರತಿಯೊಬ್ಬರಲ್ಲೂ ನಾನು ಇದನ್ನು ಕೇಳುತ್ತೇನೆ. ಇಲ್ಲ ಅಂದರೆ ಮದ್ದು ಬಿಡುವ ಮುಂಚೆ ಬ್ಯಾಂಕಿಗೆ ಹೋಗಿ ಬನ್ನಿ ಅನ್ನುತ್ತೇನೆ.

ಈಗ ನಮ್ಮ ಅಯಲ್‌ಕೂಟದಲ್ಲಿ ಭಾನುವಾರ ಸಭೆ ಮುಗಿದ ಮೇಲೆ ಅರ್ಧ ಗಂಟೆ ಕಾಗದ ಓದುತ್ತೇವೆ. ಯಾರ ಮನೆಯಲ್ಲಿ ಯಾವ ಲಕೋಟೆ ಇದ್ದರೂ ತರಬಹುದು, ಮಗಳು ಮಲಯಾಳದ್ದನ್ನು ಓದಿ ಹೇಳುತ್ತಾಳೆ. ಹೋದ ವಾರ ನೆರೆಮನೆಯ ದೊಡ್ಡಮ್ಮ ಬಂದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಒಂದು ಲಕೋಟೆ, 2019ರದ್ದು. ದೊಡ್ಡಪ್ಪ ತೀರಿಕೊಂಡ ತಿಂಗಳು ಬಂದದ್ದಂತೆ. ಜಾಗ ಹೋಗುತ್ತದೋ ಏನೋ ಅಂತ ಹೆದರಿ ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದರು. ಮಗಳು ಓದಿದಳು, ಇನ್ನೊಮ್ಮೆ ಓದಿದಳು. "ದೊಡ್ಡಮ್ಮಾ, ಸಾಲ ಪೂರ್ತಿ ಮುಗಿದಿದೆ ಅಂತ ಬರೆದಿದ್ದಾರೆ. ಜಾಗದ ಆಧಾರಪತ್ರ ಬಂದು ತೆಗೆದುಕೊಂಡು ಹೋಗಿ ಅಂತ." ದೊಡ್ಡಪ್ಪ ಹೋಗುವ ಮುಂಚೆಯೇ ಎಲ್ಲಾ ಕಟ್ಟಿ ಮುಗಿಸಿದ್ದರು.

ನಾಳೆ ಸೋಮವಾರ. ಬೆಳಿಗ್ಗೆ ಒಂಬತ್ತೂವರೆ ಬಸ್ಸಿಗೆ ನಾನು ಅವರ ಜೊತೆ ಬ್ಯಾಂಕಿಗೆ ಹೋಗುತ್ತಿದ್ದೇನೆ.