ಸರಿಯುವ ಫೋಟೋಗಳ ಸ್ಲೈಡರ್ ಆಮೇಲೆ, ಮೊದಲು ಫೋನ್ ನಂಬರ್ ಕೊಡಿ

ವ್ಯಾಪಾರದ ವೆಬ್‌ಸೈಟ್ ಕಣ್ಣಿಗೆ ಹಬ್ಬದಂತಿರಬೇಕು, ಆಗಲೇ ಗ್ರಾಹಕರು ನಿಲ್ಲುತ್ತಾರೆ ಅಂತ ನಾನು ಓದಿದ ಲೇಖನವೊಂದರಲ್ಲಿದೆ. ಅರ್ಧ ಒಪ್ಪುತ್ತೇನೆ. ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇ ಸೈಟನ್ನು ಮೊನ್ನೆ ಮೊಬೈಲಿನಲ್ಲಿ ತೆರೆದೆ. ಮಂಜು, ಕಾಫಿ ತೋಟ, ಡ್ರೋನ್ ವಿಡಿಯೋ ಎಲ್ಲಾ ಇತ್ತು, ಜೊತೆಗೆ ತಾನಾಗಿಯೇ ಶುರುವಾಗುವ ಕೊಳಲು ಬೇರೆ. ಆದರೆ ರೂಮಿಗೆ ಎಷ್ಟು, ಊಟ ಸೇರಿದೆಯಾ, ಕಾರು ಗೇಟಿನವರೆಗೆ ಹೋಗುತ್ತದಾ, ಇದ್ಯಾವುದೂ ಇಲ್ಲ! ಫೋನ್ ನಂಬರ್ ಇತ್ತು, ಅದೂ ಫೋಟೋದ ಒಳಗೆ. ಒತ್ತಿದರೆ ಕರೆ ಹೋಗುವುದಿಲ್ಲ, ಸುಲಭವಾಗಿ ಕಾಪಿಯೂ ಆಗುವುದಿಲ್ಲ, ಚೀಟಿಯಲ್ಲಿ ಬರೆದುಕೊಂಡು ಒತ್ತಬೇಕು. ನಂಬರಿಗೆ ಲಿಂಕ್ ಹಾಕುವುದು ಒಂದೇ ಸಾಲಿನ ಕೆಲಸ, ಅಲ್ವಾ?

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಕ್ಯಾಮೆರಾದ ಫೋಟೋಗಳನ್ನು ಕುಗ್ಗಿಸದೆ ಹಾಗೇ ಏರಿಸಿದರೆ ಘಟ್ಟದ ನೆಟ್‌ವರ್ಕಿನಲ್ಲಿ ಅದು ಕನಸೇ ಸರಿ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಹಾಕುವ ಹುಚ್ಚು ಇನ್ನೊಂದು. ಬಿಸಿಲಲ್ಲಿ ನಿಂತು ಓದಿ ನೋಡಲಿ.

ಕನ್ನಡ ಪುಟದ ಕಥೆ ಕೇಳಲೇಬೇಡಿ. ಯೂನಿಕೋಡ್ (ಎಲ್ಲಾ ಕಂಪ್ಯೂಟರ್, ಮೊಬೈಲುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಸುಮ್ನೆ ಅಂಟಿಸುತ್ತಾರೆ. ಮಾಲೀಕರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಅವರಿಗೆ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಮೊಬೈಲಿನಲ್ಲಿ ಬರೀ ಗೀಚು, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.