ಹಾಡಿನ ಕೊನೆಗೆ ಊರ ಹೆಸರು

ಪುಣೆಯಲ್ಲಿ ನಾವಿರುವ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಬ್ಬ ಆಜೋಬಾ (ಮರಾಠಿಯಲ್ಲಿ ಅಜ್ಜ) ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಒಮ್ಮೆ ಲಿಫ್ಟಿನಲ್ಲಿ ಸಿಕ್ಕವರು, "ನೀವು ಬಾಗಲಕೋಟೆ ಕಡೆಯವರಲ್ವಾ? ಬೀಳಗಿ ನಿಮ್ಮೂರಿಗೆ ಎಷ್ಟು ದೂರ?" ಎಂದು ಕೇಳಿದರು. ನಾನು ಮುಧೋಳ ತಾಲೂಕಿನವನು. ಬಸ್ಸಿನಲ್ಲಿ ಒಂದೂವರೆ ತಾಸು ಅಂದೆ. "ಹಾಗಾದರೆ ಅಮೀರಬಾಯಿಯ ಮನೆ ನೋಡಿರ್ತೀರಿ" ಅಂದರು.

ಯಾವ ಅಮೀರಬಾಯಿ ಅಂತ ಕೇಳಿಬಿಟ್ಟೆ. ಲಿಫ್ಟು ಎರಡನೇ ಮಹಡಿಗೆ ಬಂತು. ಆಜೋಬಾ ನನ್ನನ್ನು ಮೇಲೆ ಹೋಗಲು ಬಿಡಲಿಲ್ಲ, ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋದರು.

ಅಮೀರಬಾಯಿ ಕರ್ನಾಟಕಿ ಬೀಳಗಿಯವರು. 1943ರ 'ಕಿಸ್ಮತ್' ಸಿನಿಮಾ ಗೊತ್ತಲ್ಲ, ಕಲ್ಕತ್ತಾದ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿದ್ದು, ಅದಕ್ಕೆ ಹಾಡಿದವರು. ಸಂಗೀತ ಅನಿಲ್ ಬಿಸ್ವಾಸರದು. 'ಧೀರೇ ಧೀರೇ ಆ ರೇ ಬಾದಲ' ಅವರ ದನಿ. ಬ್ರಿಟಿಷರ ಕಾಲದಲ್ಲೇ 'ದೂರ ಹಟೋ' ಎಂದು ಹಾಡಿದ್ದೂ ಅದೇ ದನಿ. ಅಕ್ಕತಂಗಿಯರಿಬ್ಬರೂ ಹಾಡುವವರೇ. ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಅಲ್ಲಿನ ಹೆಸರಾಂತ ನಟ, ಗಾಯಕ ಬಾಲಗಂಧರ್ವರ ಜತೆ ಹಾಡಿದರು, ಆಮೇಲೆ ಅವರನ್ನೇ ಮದುವೆಯಾದರು. ಇದನ್ನೆಲ್ಲ ನನಗೆ ಹೇಳಿದ್ದು ಪುಣೆಯ ಒಬ್ಬ ಮರಾಠಿ ಮುದುಕ. ನಾನು ಓದಿದ್ದು ವಿಜಯಪುರದಲ್ಲಿ. ಅಲ್ಲಿ ಅಮೀರ್ ಟಾಕೀಸಿನಲ್ಲಿ ಎಷ್ಟೋ ಸಿನಿಮಾ ನೋಡಿದ್ದೇನೆ. ಅಮೀರ ಅಂದರೆ ಶ್ರೀಮಂತ, ಯಾರೋ ಸಾಹುಕಾರ ಕಟ್ಟಿಸಿ ತನ್ನ ದೊಡ್ಡಸ್ತಿಕೆ ಹೆಸರಿನಲ್ಲೇ ತೋರಿಸಿದ್ದಾನೆ ಅಂತ ಅಂದುಕೊಂಡಿದ್ದೆ. ಆ ಹೆಸರು ಹಾಡುವ ಹೆಣ್ಣುಮಗಳೊಬ್ಬಳದು ಅಂತ ತಲೆಗೆ ಹೊಳೆದೇ ಇರಲಿಲ್ಲ. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲೇ ಬರೆದಿದ್ದಾರೆ. ಅದನ್ನೂ ಓದಿದ್ದು ಆ ಲಿಫ್ಟಿನ ಪ್ರಸಂಗ ಆದಮೇಲೆ.

ಆಜೋಬಾರ ಮನೆಯಲ್ಲಿ ನೋಟುಬುಕ್ಕುಗಳಿವೆ. ಉದ್ದದ, ಕೆಂಪು ರಟ್ಟಿನವು, ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ ಅಂಥವು. ಕೇಳಿದ ಪ್ರತಿ ಕಛೇರಿಗೂ ಒಂದು ಸಾಲು. ತಾರೀಕು, ಜಾಗ, ಹಾಡಿದವರು, ರಾಗ, ತಬಲಾ ಯಾರು, ಹಾರ್ಮೋನಿಯಂ ಯಾರು. ಕೊನೆಯ ಕಾಲಮ್ಮಿನಲ್ಲಿ ಒಂದೇ ಶಬ್ದದ ತೀರ್ಪು. ಹೆಚ್ಚಾಗಿ 'ಠೀಕ'. ಒಂದು ಕಡೆ ದೊಡ್ಡ ಹೆಸರಿನ ಗಾಯಕರೊಬ್ಬರ ಮುಂದೆ '45 ನಿಮಿಷ ತಡ' ಅಂತ ಮಾತ್ರ ಇತ್ತು, ರಾಗದ ಹೆಸರೇ ಇಲ್ಲ! ಸವಾಯಿ ಗಂಧರ್ವ ಉತ್ಸವಕ್ಕಂತೂ ಬೇರೆ ಪುಸ್ತಕವೇ ಇದೆ. 1953ರಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರುವಿನ ನೆನಪಿಗೆ ಶುರು ಮಾಡಿದ ಉತ್ಸವ ಅದು. ಗುರು ಕುಂದಗೋಳದವರು, ಶಿಷ್ಯ ಗದಗಿನವರು. ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳುವವರು, ಬರೆದುಕೊಳ್ಳುವವರು ಮಾತ್ರ ಪುಣೆಯವರು.

ಮೊದಲು ನನಗೆ ಇದು ಹೊಟ್ಟೆಕಿಚ್ಚಿನ ವಿಷಯ ಆಗಿತ್ತು. ನಮ್ಮವರನ್ನು ಇವರು ತಮ್ಮವರು ಅಂತಾರಲ್ಲ ಎಂದು. ಈಗ ಹಾಗನ್ನಿಸುವುದಿಲ್ಲ. ಹಾಡುವವನು ಕೇಳುವವರಿದ್ದಲ್ಲಿಗೆ ಹೋಗುತ್ತಾನೆ, ಅದರಲ್ಲಿ ತಪ್ಪೇನಿದೆ. ನನ್ನ ತಕರಾರು ಬೇರೆ. ನಾವು ಹಾಡನ್ನು ನೆನಪಿಡುತ್ತೇವೆ, ಹಾಡಿದವರ ಹೆಸರನ್ನು ಬರೆದಿಡುವುದಿಲ್ಲ.

ಹಾಗೆ ನೋಡಿದರೆ ನಮ್ಮ ಕಡೆಯ ಕಲಾವಿದರು ಹೆಸರಿನಲ್ಲೇ ಊರನ್ನು ಹೊತ್ತುಕೊಂಡು ತಿರುಗಿದವರು. ರಾಮಭಾವು ಕುಂದಗೋಳಕರ (ಸವಾಯಿ ಗಂಧರ್ವರ ನಿಜ ಹೆಸರು), ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರ ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲಿದ್ದದ್ದು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರು. ಅಮೀರಬಾಯಿ ಮುಂಬಯಿಗೆ ಹೋದಾಗ ಬೀಳಗಿ ಅಂದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿಯೋ ಏನೋ, ಇಡೀ ಕರ್ನಾಟಕವನ್ನೇ ಹೆಸರಿಗೆ ಕಟ್ಟಿಕೊಂಡರು. ರಾಜ್ಯ ಒಂದಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಹೆಣ್ಣುಮಗಳು ಕರ್ನಾಟಕಿ!

ಊರು ಬಿಟ್ಟುಹೋದ ಹೆಸರೂ ಇದೆ. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, ಹುಟ್ಟು ಹೆಸರು ಶಿವಪುತ್ರ. ಚಿಕ್ಕಂದಿನಲ್ಲೇ ಸ್ವಾಮಿಗಳೊಬ್ಬರು ಕೊಟ್ಟ ಬಿರುದೇ ಹೆಸರಾಯಿತು. ಮುಂಬಯಿಯಲ್ಲಿ ದೇವಧರ ಮಾಸ್ತರರ ಹತ್ತಿರ ಕಲಿತರು. ಕ್ಷಯ ಹಿಡಿದಾಗ ಒಣ ಹವೆ ಬೇಕೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವ ಹಾಗಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಕೇಳಿದ್ದು ಮಾಳವದ ಹೆಂಗಸರ ಹಾಡು, ಬೀದಿಯಲ್ಲಿ ಹೋಗುವವರ ನಿರ್ಗುಣ ಭಜನೆ. ಆಮೇಲೆ ಎದ್ದು ಕೂತು ಹಾಡಿದ ರೀತಿಯೇ ಬೇರೆ. ಅವರ ಕಬೀರನ ಭಜನೆ ಕೇಳಿದರೆ ಅಲ್ಲಲ್ಲಿ ಉಸಿರು ತುಂಡಾಗುವುದು ತಿಳಿಯುತ್ತದೆ. ಆ ತುಂಡೇ ಅದರ ಚೆಂದ. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ, ಸರಿ. ಆದರೆ ಶಾಲೆಯ ಗ್ಯಾದರಿಂಗಿಗೆ ಅಲ್ಲಿ ಕುಣಿಯಲು ಹೋಗುವ ಹುಡುಗರನ್ನು ಕೇಳಿ ನೋಡಿ, ಕುಮಾರ ಗಂಧರ್ವ ಯಾವ ಊರಿನವರು ಅಂತ. ನನ್ನ ಅಕ್ಕನ ಮಗಳು 'ಸ್ವರ್ಗದವರು' ಅಂದಳು. ತಪ್ಪೂ ಅಲ್ಲ ಬಿಡಿ.

ಇನ್ನು ಪಕ್ಕವಾದ್ಯದವರ ಪಾಡು. ಬೆಳಗಾವಿ ಅಂದರೆ ಹಾರ್ಮೋನಿಯಂ ಅನ್ನುವಂತೆ ಮಾಡಿದವರು ರಾಮಭಾವು ವಿಜಾಪುರೆ. 1917ರಲ್ಲಿ ಕಾಕತಿಯಲ್ಲಿ ಹುಟ್ಟಿದವರು, 2010ರವರೆಗೂ ನಮ್ಮ ನಡುವೆ ಇದ್ದವರು. ಅವರಿಗೆ ಇಪ್ಪತ್ತಮೂರು ವರ್ಷ ಆದಾಗ, 1940ರಲ್ಲಿ, ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಅದರಲ್ಲಿ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಎಳೆಯಲಾಗುವುದಿಲ್ಲ, ಸ್ವರಗಳು ನಮ್ಮ ರಾಗಕ್ಕೆ ಸರಿಹೊಂದುವುದಿಲ್ಲ ಅನ್ನುವುದು ಕಾರಣ. ಸುಮಾರು ಮೂವತ್ತು ವರ್ಷ ರೇಡಿಯೋಕ್ಕೆ ಅದು ಬೇಡದ ವಾದ್ಯ. ಆ ಕಾಲದಲ್ಲಿ ರೆಕಾರ್ಡಿಂಗ್ ಅಂದರೆ ಒಂದೋ ಗ್ರಾಮಫೋನ್ ಕಂಪನಿ, ಇಲ್ಲವೇ ರೇಡಿಯೋ. ಒಂದು ಬಾಗಿಲು ಮುಚ್ಚಿದರೆ ಒಂದು ಪೀಳಿಗೆಯ ಬೆರಳೇ ದಾಖಲೆಯಿಂದ ಮಾಯ. ಹಳ್ಳಿ ಹಳ್ಳಿಯ ನಾಟಕ ಕಂಪನಿ, ಪಾರಿಜಾತ, ಭಜನಿ ಮೇಳದಲ್ಲಿ ಪೇಟಿ (ನಮ್ಮ ಕಡೆ ಹಾರ್ಮೋನಿಯಂ ಅಂದರೆ ಪೇಟಿ) ಬಾರಿಸಿದವರ ಲೆಕ್ಕ ಇಟ್ಟವರು ಯಾರು? ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ರಾತ್ರಿ ಶುರುವಾದರೆ ಬೆಳಕು ಹರಿಯುವವರೆಗೆ ನಡೆಯುವ ಆಟ. ಹಳೆಯ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ಗೊಲ್ಲತಿ ಬಂದು ಹಾಲಿನ ಕೊಡ ಇಳಿಸುವಷ್ಟರಲ್ಲಿ ತಟ್ಟೆ ಮುಗಿದಿರುತ್ತದೆ. ಕೌಜಲಗಿ ನಿಂಗಮ್ಮನಂಥವರ ಹೆಸರು ಉಳಿದದ್ದು ಕೇಳಿದವರ ಬಾಯಲ್ಲಿ.

ನಮ್ಮ ಮನೆಯಲ್ಲೇ ಒಂದು ಕ್ಯಾಸೆಟ್ ಇದೆ. ಅಪ್ಪ ಭಜನಿ ಮೇಳದಲ್ಲಿ ತಾಳ ಹಾಕುತ್ತಿದ್ದ. ಒಂದು ಶ್ರಾವಣದಲ್ಲಿ ಯಾರದೋ ಟೇಪ್ ರೆಕಾರ್ಡರ್ ತಂದು ಗುಡಿಯಲ್ಲಿ ರೆಕಾರ್ಡ್ ಮಾಡಿದ್ದ. ಮೇಲಿನ ಚೀಟಿಯಲ್ಲಿ ಅಪ್ಪನ ಅಕ್ಷರ: 'ಭಜನಿ, ಶ್ರಾವಣ'. ಇಷ್ಟೇ, ಇಸವಿಯೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕಿತು. ಹಾಕಿ ಕೇಳಿದರೆ ನಾಯಿ ಬೊಗಳುವುದು, ಯಾರೋ ಕೆಮ್ಮುವುದು, ಅದರ ನಡುವೆ ಒಂದು ಪೇಟಿ. ಏನು ಪೇಟಿ ಅಂತೀರಿ! ಹಾಡುವವನು ದನಿ ಎತ್ತುವ ಮೊದಲೇ ಅವನು ಎಲ್ಲಿಗೆ ಹೋಗುತ್ತಾನೆ ಅಂತ ಇವನಿಗೆ ಗೊತ್ತು. ಅಲ್ಲಿ ಹೋಗಿ ಕಾಯುತ್ತಿರುತ್ತಾನೆ.

"ಅವ್ವಾ, ಪೇಟಿ ಯಾರು ಬಾರಿಸ್ಯಾರ?" ಅಂತ ಕೇಳಿದೆ.

"ಅಂವಾ? ಪೇಟಿ ಮಾಸ್ತರ. ಕೆಂಪ ರುಮಾಲ ಸುತ್ತತಿದ್ದ. ಚಾ ಒಲ್ಲೆ ಅಂತಿದ್ದ, ಹಾಲ ಕುಡೀತಿದ್ದ."

"ಹೆಸರ ಏನ?"

"ಪೇಟಿ ಮಾಸ್ತರ ಅಂತನ ಕರೀತಿದ್ವಿ. ಹೆಸರ ಯಾರ ಕೇಳತಾರ?"

ಯಾರೂ ಕೇಳಿರಲಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ನಮ್ಮ ಕಡೆ ಮೇಳದವರು ಪದದ ಕೊನೆಯ ನುಡಿಯಲ್ಲಿ ಊರು, ಊರ ದೇವರು, ಗುರು, ಕವಿ ಎಲ್ಲರನ್ನೂ ತರುತ್ತಾರೆ. ಉಮೇದು ಬಂದರೆ ಪೇಟಿಯವನನ್ನೂ ತಬಲಾದವನನ್ನೂ ಅದರೊಳಗೆ ಸೇರಿಸಿ ಹಾಡಿಬಿಡುತ್ತಾರೆ. ಗೀಗೀ ಪದ, ಡೊಳ್ಳಿನ ಪದ, ಲಾವಣಿ ಎಲ್ಲದರಲ್ಲೂ ಇದೇ ರೂಢಿ. ಆ ಕ್ಯಾಸೆಟ್ಟಿನಲ್ಲೂ ಕೊನೆಯ ನುಡಿ ಏಳುತ್ತದೆ. ತಾಳ ಜೋರಾಗುತ್ತದೆ. ಅಷ್ಟರಲ್ಲಿ ಟಕ್ ಅಂತ ಸದ್ದು, ರೇಡಿಯೋದ ಸಿನಿಮಾ ಹಾಡು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಖಾಲಿ ಕ್ಯಾಸೆಟ್ ಸಿಗದೆ ಎರಡು ಬಟನ್ ಒಟ್ಟಿಗೆ ಒತ್ತಿದ್ದೆ. ಮೂರು ಹಾಡು ರೆಕಾರ್ಡ್ ಮಾಡಿಕೊಂಡಿದ್ದೆ. ಆ ಹಾಡುಗಳು ಈಗ ಫೋನಿನಲ್ಲಿ ಒಂದು ಬೆರಳಿಗೆ ಸಿಗುತ್ತವೆ.

ಹಾಡಿನೊಳಗೇ ಹೆಸರು ಹೇಳುವ ಈ ರೀತಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ರೆಕಾರ್ಡ್ ಕೊಟ್ಟಾಗ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನವರಿಗೆ ಚೀಟಿ ಅಂಟಿಸಲು ಹೆಸರು ತಿಳಿಯಬೇಕಲ್ಲ, ಅದಕ್ಕೆ. (ಆಕೆ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರಿಗೆ, ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ.) ಆಮೇಲೆ ಚೀಟಿ ಬಂತು, ಕೂಗುವುದು ನಿಂತಿತು. ಪುಣೆಯದು ಚೀಟಿಯ ರೀತಿ, ನಮ್ಮದು ಕೂಗುವ ರೀತಿ.

ಈಗ ಊರಿಗೆ ಹೋದರೆ ಆ ಕೂಗು ಟ್ರ್ಯಾಕ್ಟರಿನಲ್ಲಿದೆ. ಕಬ್ಬಿನ ಸೀಜನ್ನಿನಲ್ಲಿ ಮುಧೋಳ ರಸ್ತೆಯ ಪಕ್ಕ ನಿಂತರೆ ಸಾಕು. ಟ್ರ್ಯಾಕ್ಟರ್ ಕಾಣುವ ಮೊದಲೇ ಹಾಡು ಕೇಳುತ್ತದೆ. ರಾಯಬಾಗ ತಾಲೂಕಿನ ನಿಪನಾಳದ ಮಾಳು 'ನಾ ಡ್ರೈವರಾ ನೀ ನನ್ನ ಲವ್ವರಾ' ಅಂತ ಹಾಡಿ, ಕೋಟಿಗಟ್ಟಲೆ ಸಲ ಜನ ಅದನ್ನು ಹಾಕಿ ಕೇಳಿದರು. ಆ ಹುಡುಗನ ಹೆಸರಿನಲ್ಲೂ ಊರಿದೆ ನೋಡಿ, ಮಾಳು ನಿಪನಾಳ. ಇಂಥ ಹಾಡುಗಳ ಬಗ್ಗೆ ನನ್ನ ಓರಿಗೆಯವರು ಮೂಗು ಮುರಿಯುತ್ತಾರೆ. ನಾನೂ ಮುರಿಯುತ್ತಿದ್ದೆ. ಹುಡುಗಿ ಕೈಕೊಟ್ಟಳು ಅನ್ನುವುದನ್ನು ಎಷ್ಟು ಸಲ ಕೇಳುವುದು? ಟ್ಯೂನೂ ಅವವೇ. ಆದರೆ ಅಣ್ಣನ ಮಗ ಇಂಥದೇ ಒಂದು ಹಾಡನ್ನು ಫೋನಿನಲ್ಲಿ ತೋರಿಸಿದಾಗ ಕೆಳಗೆ ಬರೆದದ್ದನ್ನು ಓದಿ ಸುಮ್ನಾದೆ. ಸಾಹಿತ್ಯ ಯಾರದು, ಹಾಡಿದವರು ಯಾರು, ಸ್ಟುಡಿಯೋ ಯಾವುದು, ಕ್ಯಾಮೆರಾ ಹಿಡಿದವರು ಯಾರು, ಕೀಬೋರ್ಡ್, ಪ್ಯಾಡ್ ಬಾರಿಸಿದವರು ಯಾರು, ಕಾರ್ಯಕ್ರಮಕ್ಕೆ ಕರೆಯಬೇಕಾದರೆ ಯಾವ ನಂಬರು. ಹಾಡಿನ ಕೊನೆಯ ನುಡಿಯಲ್ಲಿ ಮತ್ತೆ ಊರು, ಬರೆದವನ ಹೆಸರು, ನಾಲ್ಕು ಗೆಳೆಯರ ಹೆಸರು. "ಹೆಸರ ಹಾಕಲಿಲ್ಲಂದ್ರ ಜಗಳಾನ ಆಗ್ತಾವ ಕಾಕಾ" ಅಂದ. ಆಗಲಿ, ಇದು ಜಗಳ ಆಗಬೇಕಾದ ವಿಷಯವೇ.

ಹಾಗಂತ ಪುಣೆಯ ನೋಟುಬುಕ್ಕಿನ ಮುಂದೆ ನಾನು ಪೂರ್ತಿ ಕೈಮುಗಿದು ನಿಂತಿಲ್ಲ. ಆಜೋಬಾರ ಪುಸ್ತಕಗಳನ್ನು ತಿಂಗಳುಗಟ್ಟಲೆ ತಿರುವಿದ್ದೇನೆ. ಖಯಾಲು ಇದೆ, ನಾಟ್ಯಸಂಗೀತ ಇದೆ, ಅಭಂಗ ಇದೆ. ತಮಾಶಾ ಇಲ್ಲ, ಲಾವಣಿ ಹಾಡುವ ಹೆಂಗಸರಿಲ್ಲ, ಮದುವೆಯ ಬ್ಯಾಂಡಿನವರಿಲ್ಲ. ಕೇಳಿದರೆ "ಅದನ್ನೆಲ್ಲ ಯಾರು ಬರೆದುಕೊಳ್ತಾರೆ" ಅಂದರು. ನಮ್ಮ ಅವ್ವನ ಮಾತೇ, ಮರಾಠಿಯಲ್ಲಿ. ಗೋಹರಬಾಯಿ ಬಾಲಗಂಧರ್ವರ ಬಾಳಿಗೆ ಬಂದಿರದಿದ್ದರೆ ಅಮೀರಬಾಯಿಯ ಊರು ಯಾವುದು ಅಂತ ಆಜೋಬಾಗೂ ತಿಳಿದಿರುತ್ತಿರಲಿಲ್ಲವೇನೋ.

ಹೋದ ದೀಪಾವಳಿಗೆ ಅಣ್ಣನ ಮಗ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ನನ್ನ ಫೋನಿಗೆ ಹಾಕಿಕೊಟ್ಟ. ಪುಣೆಗೆ ಬಂದವನೇ ಆಜೋಬಾಗೆ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ನಾಯಿ ಬೊಗಳಿದಾಗ ಹುಬ್ಬು ಗಂಟಿಕ್ಕಿದರು, ಪೇಟಿ ಮೇಲೆ ಬಂದಾಗ ಬೆರಳು ಕುರ್ಚಿಯ ಹಿಡಿಯ ಮೇಲೆ ಆಡಿತು. "ಹಾರ್ಮೋನಿಯಂ ಯಾರು?" ಎಂದರು.

ಹೆಸರು ಗೊತ್ತಿಲ್ಲ, ಕೆಂಪು ರುಮಾಲು ಸುತ್ತುತ್ತಿದ್ದರಂತೆ, ಹಾಲು ಕುಡಿಯುತ್ತಿದ್ದರಂತೆ ಅಂದೆ.

ಆಜೋಬಾ ಎದ್ದು ಹೋಗಿ ಕೆಂಪು ರಟ್ಟಿನ ಪುಸ್ತಕ ತಂದರು. ತಾರೀಕಿನ ಕಾಲಮ್ಮಿನಲ್ಲಿ 'ಶ್ರಾವಣ' ಅಂತ ಬರೆದರು. ಹಾರ್ಮೋನಿಯಂ ಕಾಲಮ್ಮಿನಲ್ಲಿ 'ಕೆಂಪು ರುಮಾಲು, ತಾಲೂಕು ಮುಧೋಳ' ಅಂತ ಮರಾಠಿಯಲ್ಲಿ ಬರೆದು ಪೆನ್ನಿನ ಮುಚ್ಚಳ ಹಾಕಿದರು. ತೀರ್ಪಿನ ಕಾಲಮ್ಮು ಖಾಲಿ ಬಿಟ್ಟರು.

"ಅದಿರಲಿ, ಕೊನೆಗೆ ಆ ಸಿನಿಮಾ ಹಾಡು ಯಾಕೆ ಬಂತು?" ಅಂತ ಕೇಳಿದರು.

ಕ್ಯಾಸೆಟ್ ಹಳೇದು ಅಂದೆ.